ಹೊಸ ರೇಡಾರ್ ಕಟ್ಟುವ ಮೊದಲು ಬಿಚ್ಚುವ ಖರ್ಚನ್ನೂ ಬರೆದಿಡಿ: ಕೆನಡಾದ ರಕ್ಷಣಾ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ರಾಷ್ಟ್ರೀಯ ರಕ್ಷಣಾ ಸಚಿವರು,
ಕೆನಡಾ ಸರ್ಕಾರ, ಒಟ್ಟಾವಾ

ವಿಷಯ: ಆರ್ಕ್ಟಿಕ್‌ನ ಹಳೆಯ ರೇಡಾರ್ ಠಾಣೆಗಳು ಬಿಟ್ಟುಹೋದ ಕಸ, ಮತ್ತು ಈಗಿನ ಹೊಸ ರೇಡಾರ್ ಯೋಜನೆ

ಮಾನ್ಯರೇ,

ನಮಸ್ಕಾರ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದಕ್ಕೆ ಕಾರಣ ಇದೆ. ಟೊರಾಂಟೊ, ಬ್ರಾಂಪ್ಟನ್, ವಾಟರ್‌ಲೂ ಕಡೆ ನನ್ನಂಥ ಕನ್ನಡಿಗರು ಸಾಕಷ್ಟು ಜನ ಇದ್ದೇವೆ. ಇಲ್ಲೇ ತೆರಿಗೆ ಕಟ್ಟುತ್ತೇವೆ, ಇಲ್ಲೇ ಓಟು ಹಾಕುತ್ತೇವೆ. 2022ರ ಮೇ ತಿಂಗಳಲ್ಲಿ ಶಿರಾ ಕಡೆಯ, ಆಗ ಇಲ್ಲಿ ಸಂಸದರಾಗಿದ್ದ ಚಂದ್ರ ಆರ್ಯ ಅವರು ಈ ದೇಶದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದಾಗ ಆ ವಿಡಿಯೊವನ್ನು ಮನೆಮನೆಯವರೂ ಹಂಚಿಕೊಂಡರು. ಮರುತಿಂಗಳೇ ನಿಮ್ಮ ಇಲಾಖೆ ಉತ್ತರದ ಗಡಿ ಕಾಯುವ ವ್ಯವಸ್ಥೆಗೆ 20 ವರ್ಷದಲ್ಲಿ 3,860 ಕೋಟಿ ಡಾಲರ್ ಸುರಿಯುವುದಾಗಿ ಹೇಳಿತು. ಅದರ ಬಗ್ಗೆ ನಮ್ಮಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಹಣ ನಮ್ಮದೂ ಹೌದು, ಹಾಗಾಗಿ ಮಾತಾಡೋಣ ಅನ್ನಿಸಿತು.

ನಾನು ಸೈನ್ಯದವನಲ್ಲ, ರೇಡಾರ್ ಎಂಜಿನಿಯರೂ ಅಲ್ಲ. ನಿವೃತ್ತ ಕೆಮಿಸ್ಟ್. ಒಂಟಾರಿಯೊದ ಒಂದು ಖಾಸಗಿ ಲ್ಯಾಬಿನಲ್ಲಿ ಮಣ್ಣು, ನೀರು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಬೇಸಿಗೆ ಮುಗಿಯುತ್ತಾ ಬಂದಂತೆ ಉತ್ತರದಿಂದ ಕೂಲರ್ ಪೆಟ್ಟಿಗೆಗಳು ಬರುತ್ತಿದ್ದವು. ಯಾಕೆಂದರೆ ಅಲ್ಲಿ ನೆಲ ಅಗೆಯಲು ಆಗುವುದು ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ. ಪೆಟ್ಟಿಗೆ ತೆಗೆದರೆ ಮೇಲೆ ಐಸ್ ಪ್ಯಾಕ್, ಕೆಳಗೆ ಸಾಲಾಗಿ ಚಿಕ್ಕ ಗಾಜಿನ ಜಾರ್‌ಗಳು. ಲೇಬಲ್ ಮೇಲೆ ಊರಿನ ಹೆಸರು ಇರುತ್ತಿರಲಿಲ್ಲ. ಕ್ಯಾಮ್-3, ಫಾಕ್ಸ್-2, ಡೈ-ಎಂ ಎಂಬ ಹಳೆಯ ರೇಡಾರ್ ಠಾಣೆಗಳ ಸಂಕೇತಗಳು ಅಷ್ಟೇ. ಮಣ್ಣು ಅನ್ನುವುದಕ್ಕಿಂತ ಜಲ್ಲಿಪುಡಿ ಅನ್ನಬಹುದು, ಅಂಥ ಒರಟು. ಮುಚ್ಚಳ ತಿರುಗಿಸಿದರೆ ಎಷ್ಟೋ ಜಾರ್‌ಗಳಿಂದ ಹಳೇ ಡೀಸೆಲ್ ವಾಸನೆ ಗಪ್ಪನೆ ಮೂಗಿಗೆ ಬಡಿಯುತ್ತಿತ್ತು. ಕೆಲವು ಜಾರ್‌ಗಳಲ್ಲಿ ಮಣ್ಣಿನ ಬದಲು ಗೋಡೆಯ ಬಣ್ಣದ ಚಕ್ಕೆಗಳು. ಬಣ್ಣವನ್ನು ಯಾಕೆ ಪರೀಕ್ಷೆಗೆ ಕಳಿಸುತ್ತಾರೆ ಎಂದು ಹೊಸದಾಗಿ ಸೇರಿದ ಹುಡುಗರು ಕೇಳುತ್ತಿದ್ದರು.

ಆ ಬಣ್ಣದಲ್ಲಿ ಪಿಸಿಬಿ ಇರುತ್ತಿತ್ತು, ಕ್ಲೋರಿನ್ ಬೆರೆತ ಒಂದು ವಿಷಕಾರಿ ರಾಸಾಯನಿಕ. ಚಳಿಗೆ ಬಣ್ಣ ಬಿರಿಯದಿರಲಿ, ಬೇಗ ಕಿತ್ತುಬರದಿರಲಿ ಎಂದು ಆ ಕಾಲದಲ್ಲಿ ಬೆರೆಸುತ್ತಿದ್ದರು. ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲೂ ಅದೇ, ಕೆಪಾಸಿಟರ್‌ಗಳಲ್ಲೂ ಅದೇ. ಬೆಂಕಿ ಹತ್ತುವುದಿಲ್ಲ, ಕೆಡುವುದಿಲ್ಲ, ಹಾಗಾಗಿ ಎಲ್ಲರಿಗೂ ಅಚ್ಚುಮೆಚ್ಚು. ಕೆಡುವುದಿಲ್ಲ ಎಂಬುದೇ ಆಮೇಲೆ ತಲೆನೋವಾಯಿತು. ಮಣ್ಣನ್ನು ಸಾಲ್ವೆಂಟ್‌ನಲ್ಲಿ ನೆನೆಸಿ, ಸಾರ ತೆಗೆದು, ಶುದ್ಧ ಮಾಡಿ, ಬೆರಕೆಯಲ್ಲಿ ಏನೇನಿದೆ ಎಂದು ಬಿಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರಕ್ಕೆ ಕೊಟ್ಟರೆ ಪರದೆ ಮೇಲೆ ಮೊನಚು ಗೆರೆಗಳ ಒಂದು ಸಾಲು ಏಳುತ್ತದೆ. ಆ ಸಾಲಿನ ಆಕಾರ ನೋಡಿದ ಕೂಡಲೇ ಗೊತ್ತಾಗುತ್ತಿತ್ತು: ಆರೋಕ್ಲೋರ್ 1260. ತೂಕದಲ್ಲಿ ನೂರಕ್ಕೆ 60 ಭಾಗ ಕ್ಲೋರಿನ್ ಇರುವ ಪಿಸಿಬಿ ಸರಕು. ಊರೇ ಇಲ್ಲದ, ಕಾರ್ಖಾನೆ ಎಂದರೆ ಏನೆಂದೇ ಗೊತ್ತಿಲ್ಲದ ಬಯಲಿನ ಮಣ್ಣಿನಲ್ಲಿ ಅದು ಸಿಗುತ್ತಿತ್ತು. ಪತ್ರಿಕೆ ಓದಿ ಕೋಪಗೊಂಡು ಬರೆಯುತ್ತಿಲ್ಲ ಎಂದು ತಿಳಿಸಲು ಇಷ್ಟು ಹೇಳಿದೆ.

ಈಗ ಆ ಠಾಣೆಗಳ ಕಥೆಗೆ ಬರುತ್ತೇನೆ. ನಿಮಗೆ ಗೊತ್ತಿದ್ದದ್ದೇ. ಆದರೆ ಓದುವ ನಮ್ಮವರಿಗೆ ಹೊಸದು.

1949ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬ್ ಸಿಡಿಸಿತು. ಬಾಂಬ್ ಹೊತ್ತ ವಿಮಾನ ಅಮೆರಿಕಕ್ಕೆ ಬರಬೇಕಾದರೆ ಹತ್ತಿರದ ದಾರಿ ಉತ್ತರ ಧ್ರುವದ ಮೇಲಿಂದ, ಕೆನಡಾದ ನೆತ್ತಿಯ ಮೇಲೆ ಹಾದು. ಹಾಗಾಗಿ ಒಂದರ ಮೇಲೊಂದು ಮೂರು ರೇಡಾರ್ ಬೇಲಿಗಳು ಎದ್ದವು. ದಕ್ಷಿಣದಲ್ಲಿ ಪೈನ್‌ಟ್ರೀ ಲೈನ್. ಅದರ ಮೇಲೆ, 55ನೇ ಅಕ್ಷಾಂಶದ ಹತ್ತಿರ, ಮಿಡ್-ಕೆನಡಾ ಲೈನ್. ಅದರ ಮೂಲ ವಿಚಾರ ಮೆಕ್‌ಗಿಲ್ ವಿಶ್ವವಿದ್ಯಾಲಯದವರದ್ದು. ಪಾಪ, ಆ ಬೇಲಿಗೆ ಹಕ್ಕಿಗಳ ಹಿಂಡು ಯಾವುದು, ವಿಮಾನ ಯಾವುದು ಎಂದು ಸರಿಯಾಗಿ ತಿಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ಮೇಲೆ, ಆರ್ಕ್ಟಿಕ್ ವೃತ್ತವನ್ನೂ ದಾಟಿ, ಅಲಾಸ್ಕಾದಿಂದ ಬ್ಯಾಫಿನ್ ದ್ವೀಪದವರೆಗೆ ಡ್ಯೂ ಲೈನ್. ದೂರದಿಂದಲೇ ಮುನ್ನೆಚ್ಚರಿಕೆ ಕೊಡುವ ಸಾಲು. ಮುಂದೆ ಅದು ಗ್ರೀನ್‌ಲ್ಯಾಂಡ್‌ನ ಹಿಮದ ಹಾಸಿನ ಮೇಲೂ ಹೋಯಿತು.

ಕೆನಡಾ ಮತ್ತು ಅಮೆರಿಕ ಒಪ್ಪಂದ ಮಾಡಿಕೊಂಡದ್ದು 1955ರ ಮೇನಲ್ಲಿ. ಕಟ್ಟುವ ಗುತ್ತಿಗೆ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಗೆ. ಸುಮಾರು 25,000 ಜನ ದುಡಿದರು. ಹಡಗು, ವಿಮಾನ, ಹಿಮದ ಮೇಲೆ ಓಡುವ ಟ್ರ್ಯಾಕ್ಟರ್ ಎಲ್ಲ ಸೇರಿ ಸುಮಾರು 4,60,000 ಟನ್ ಸಾಮಾನು ಸಾಗಿಸಿದವು. ಕೆನಡಾದ ನೆಲದಲ್ಲೇ 42 ಠಾಣೆಗಳು. ದೊಡ್ಡ ಠಾಣೆಗಳಲ್ಲಿ ಬಿಳೀ ಗುಮ್ಮಟದೊಳಗೆ ತಿರುಗುವ ರೇಡಾರ್. ನಡುವಿನ ಸಣ್ಣ ಠಾಣೆಗಳಲ್ಲಿ ಒಬ್ಬ ಮುಖ್ಯಸ್ಥ, ಒಬ್ಬ ಅಡುಗೆಯವ, ಒಬ್ಬ ಮೆಕ್ಯಾನಿಕ್, ಸುತ್ತ ನೂರಾರು ಕಿಲೋಮೀಟರ್ ಹಿಮ. ಆ ಚಳಿಯಲ್ಲಿ ಎರಡೂವರೆ ವರ್ಷದೊಳಗೆ ಇಷ್ಟನ್ನೂ ನಿಲ್ಲಿಸಿದ್ದು ಸಾಮಾನ್ಯ ಸಾಧನೆ ಅಲ್ಲ. ಅದನ್ನು ಒಪ್ಪದೆ ಇರಲಾರೆ.

1957ರ ಬೇಸಿಗೆಯಲ್ಲಿ ಡ್ಯೂ ಲೈನ್ ಕೆಲಸ ಶುರು ಮಾಡಿತು. ಅದೇ ಆಗಸ್ಟ್‌ನಲ್ಲಿ ಸೋವಿಯತ್‌ನವರ ಆರ್-7 ಖಂಡಾಂತರ ಕ್ಷಿಪಣಿ ಯಶಸ್ವಿಯಾಗಿ ಹಾರಿತು. ಅಕ್ಟೋಬರ್ 4ಕ್ಕೆ ಸ್ಪುಟ್ನಿಕ್. ವಿಮಾನ ನೋಡಲು ಕಟ್ಟಿದ ರೇಡಾರ್‌ಗೆ ಆಕಾಶದಾಚೆಯಿಂದ ಬೀಳುವ ಕ್ಷಿಪಣಿ ಕಾಣುವುದಿಲ್ಲ. ಅದಕ್ಕೆಂದೇ ಗ್ರೀನ್‌ಲ್ಯಾಂಡ್‌ನ ಥೂಲೆಯಲ್ಲಿ ಬೇರೆ ದೈತ್ಯ ರೇಡಾರ್ ಬಂತು (1960ರಲ್ಲಿ ಅದು ಮೂಡುತ್ತಿದ್ದ ಚಂದ್ರನನ್ನೇ ಕ್ಷಿಪಣಿ ದಾಳಿ ಎಂದು ತಿಳಿದು ಗಾಬರಿ ಎಬ್ಬಿಸಿತು, ಅದು ಬೇರೆ ಮಾತು). ಬಾಂಬರ್‌ಗಳ ಭಯ ಪೂರ್ತಿ ಹೋಗಲಿಲ್ಲ, ಆದ್ದರಿಂದ ಡ್ಯೂ ಲೈನ್ ಸುಮ್ನೆ ಕಟ್ಟಿದ್ದು ಎಂದು ನಾನು ಹೇಳುವುದಿಲ್ಲ. ಆದರೆ 1963ಕ್ಕೇ ನಡುವಿನ ಸಣ್ಣ ಠಾಣೆಗಳನ್ನು ಮುಚ್ಚಿದರು. ಕೆನಡಾದ 42ರಲ್ಲಿ 21 ಹೋದವು. ಆರು ವರ್ಷದ ಬಾಳಿಕೆ. ಮಿಡ್-ಕೆನಡಾ ಲೈನ್ ಕೂಡ 1965ರಲ್ಲಿ ಮುಚ್ಚಿತು.

ಮುಚ್ಚಿದರು ಎಂದರೆ ಏನು? ಯಂತ್ರ ಆರಿಸಿ, ಬಾಗಿಲು ಎಳೆದುಕೊಂಡು, ವಿಮಾನ ಹತ್ತಿದರು, ಅಷ್ಟೇ. ಡೀಸೆಲ್ ಡ್ರಮ್‌ಗಳು ಅಲ್ಲೇ. ಬ್ಯಾಟರಿಗಳು ಅಲ್ಲೇ. ಟ್ರಾನ್ಸ್‌ಫಾರ್ಮರ್‌ಗಳು ಅಲ್ಲೇ. ಠಾಣೆ ನಡೆಯುತ್ತಿದ್ದ ಕಾಲದಲ್ಲೂ ಕೆಟ್ಟ ಗಾಡಿ, ಖಾಲಿ ಡ್ರಮ್‌ಗಳನ್ನು ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಿಲ್ಲಿಸಿ ಬರುವ ಪದ್ಧತಿ ಇತ್ತು. ಬೇಸಿಗೆಗೆ ಹಿಮ ಕರಗಿದರೆ ತಾನಾಗಿ ಮುಳುಗುತ್ತದಲ್ಲ!

ನಮ್ಮ ಕಡೆ ಮದುವೆಗೆ ಚಪ್ಪರ ಹಾಕಿಸುವಾಗ ಬಿಚ್ಚುವ ಕೂಲಿಯನ್ನೂ ಸೇರಿಸಿಯೇ ರೇಟು ಮಾತಾಡುತ್ತೇವೆ. 1955ರಲ್ಲಿ ಎರಡು ದೇಶದ ದೊಡ್ಡವರು ಕೂತು ಮಾತಾಡಿದಾಗ ಬಿಚ್ಚುವ ಕೂಲಿಯನ್ನು ಯಾರೂ ಸರಿಯಾಗಿ ಬರೆದಿಡಲಿಲ್ಲ. ನನ್ನ ದೂರಿನ ಬೇರು ಇದು.

ಆ ಒಪ್ಪಂದದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇನೂಯಿಟ್ ಜನರ ಬಗ್ಗೆ ಒಂದು ಭಾಗವೇ ಇದೆ. ಅವರ ಬೇಟೆಗೆ ತೊಂದರೆ ಆಗಬಾರದು, ರೋಗ ಹರಡಬಾರದು ಎಂಬ ಮಾತುಗಳಿವೆ. ಅವರ ಬಗ್ಗೆ ಬರೆದರು, ಅವರನ್ನು ಕೇಳಲಿಲ್ಲ. ಕೇಳುವ ದಾರಿಯೂ ಸರಿಯಾಗಿ ಇರಲಿಲ್ಲ. ಇನೂಯಿಟ್ ಜನರಿಗೆ ಓಟಿನ ಹಕ್ಕು 1950ರಲ್ಲಿ ಕಾಗದದ ಮೇಲೆ ಬಂದಿತ್ತು, ಆದರೆ ಪೂರ್ವ ಆರ್ಕ್ಟಿಕ್‌ನ ಊರೂರಿಗೆ ಮತಪೆಟ್ಟಿಗೆ ತಲುಪಿದ್ದು 1962ರಲ್ಲಿ. ಅಷ್ಟರಲ್ಲಿ ಠಾಣೆಗಳು ಎದ್ದು, ಅರ್ಧದಷ್ಟು ಮುಚ್ಚುವ ಹಂತಕ್ಕೂ ಬಂದಿದ್ದವು.

ಕೆಲಸ ಸಿಕ್ಕಿತು, ನಿಜ. ಬೇಟೆಯ ನೆಲೆಗಳನ್ನು ಬಿಟ್ಟು ಜನ ಠಾಣೆಗಳ ಹತ್ತಿರ ಬಂದು ಕೂತರು. ಇವತ್ತು ಸನಿರಾಜಾಕ್ ಎಂದು ಕರೆಯುವ ಹಾಲ್ ಬೀಚ್ ಊರು ಬೆಳೆದಿದ್ದೇ ಫಾಕ್ಸ್-ಎಂ ಠಾಣೆಯ ಸುತ್ತ. ಕೇಂಬ್ರಿಡ್ಜ್ ಬೇ ಕೂಡ ಠಾಣೆಯ ಕೆಲಸದಿಂದಲೇ ದೊಡ್ಡದಾಯಿತು. ಆಗ ಮಾಡಿದ ವಿಮಾನದ ಓಡುದಾರಿಗಳು ಎಷ್ಟೋ ಕಡೆ ಈಗಲೂ ಬಳಕೆಯಲ್ಲಿವೆ. ಹೀಗಿರುವಾಗ ಎಲ್ಲವನ್ನೂ ಕೆಟ್ಟದ್ದು ಎಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಹಾಗೆ ಬಂದು ನೆಲೆಸಿದವರ ಅಂಗಳದಲ್ಲೇ ಆ ಕಸ ಉಳಿದದ್ದು.

ಇನ್ನೊಂದು ಮಾತನ್ನು ಕೆಮಿಸ್ಟ್ ಆಗಿ ಹೇಳಲೇಬೇಕು, ಇಲ್ಲದಿದ್ದರೆ ನಿಮ್ಮ ಅಧಿಕಾರಿಗಳು ಅದನ್ನೇ ಹಿಡಿದು ಪತ್ರವನ್ನು ಬದಿಗಿಡುತ್ತಾರೆ. 1980ರ ದಶಕದ ಕೊನೆಯಲ್ಲಿ ಉತ್ತರ ಕ್ವಿಬೆಕ್‌ನ ಇನೂಯಿಟ್ ತಾಯಂದಿರ ಎದೆಹಾಲಿನಲ್ಲಿ ದಕ್ಷಿಣದ ತಾಯಂದಿರಿಗಿಂತ ಸುಮಾರು ಐದು ಪಟ್ಟು ಪಿಸಿಬಿ ಸಿಕ್ಕಿತು. ಅದಕ್ಕೆಲ್ಲ ರೇಡಾರ್ ಠಾಣೆಗಳೇ ಕಾರಣ ಎನ್ನುವುದು ತಪ್ಪು. ಅದರ ಬಹುಪಾಲು ದಕ್ಷಿಣದ ಕಾರ್ಖಾನೆ ನಾಡುಗಳಿಂದ ಗಾಳಿಯಲ್ಲಿ, ಸಮುದ್ರದ ನೀರಿನಲ್ಲಿ ಹೋಗಿ, ಸೀಲ್ ಮತ್ತು ತಿಮಿಂಗಿಲದ ಕೊಬ್ಬಿನಲ್ಲಿ ಸೇರಿಕೊಂಡದ್ದು. ಆದರೆ ಠಾಣೆಗಳ ಸುತ್ತಮುತ್ತಲಿನ ಮಣ್ಣು, ಗಿಡಗಳಲ್ಲಿ ಠಾಣೆಯದೇ ಪಿಸಿಬಿ ಹರಡಿತ್ತು ಎಂಬುದೂ ಅಳೆದು ನೋಡಿದ ವಿಷಯ. ಹೊರಗಿನಿಂದ ಬಂದ ವಿಷದ ಮೇಲೆ ಇದು ಇನ್ನೊಂದು ಹೊರೆ. ಆ ಹೊರೆಗೆ ಸರ್ಕಾರ ನೇರ ಹೊಣೆ.

ಶುಚಿ ಮಾಡುವ ಕೆಲಸಕ್ಕೆ ನಿಮ್ಮ ಇಲಾಖೆ ಕೈ ಹಾಕಿತು, ಮಾಡಿಯೂ ಮುಗಿಸಿತು. ಅದಕ್ಕೆ ನಿಮ್ಮವರನ್ನು ಮೆಚ್ಚಬೇಕು. ನಿಮ್ಮ ಪಾಲಿನ 21 ಠಾಣೆಗಳ ಕೆಲಸ 1996ರ ಹೊತ್ತಿಗೆ ಶುರುವಾಗಿ 2014ರವರೆಗೆ ನಡೆಯಿತು. ಖರ್ಚು ಸುಮಾರು 57.5 ಕೋಟಿ ಡಾಲರ್. ಉತ್ತರದ ನುನಾವುಟ್ ಪ್ರದೇಶದ ಇನೂಯಿಟ್ ಸಂಸ್ಥೆಯ ಜೊತೆ 1998ರಲ್ಲಿ ಒಪ್ಪಂದ ಆಗಿ, ಸ್ಥಳೀಯರಿಗೆ ಕೆಲಸ, ತರಬೇತಿ ಸಿಕ್ಕಿತು. ರೆಸಲ್ಯೂಷನ್ ದ್ವೀಪದಲ್ಲಿ ಇನ್ನೊಂದು ಇಲಾಖೆಯ ಉಸ್ತುವಾರಿಯಲ್ಲಿ ನಡೆದ ಕೆಲಸವೂ ಹೀಗೇ. ಅದು ಪೈನ್‌ಟ್ರೀ ಲೈನಿನ ಠಾಣೆ. ಪಿಸಿಬಿ ಮಣ್ಣು ಗುಡ್ಡದಿಂದ ಕೊಚ್ಚಿಕೊಂಡು ಸಮುದ್ರಕ್ಕೆ ಇಳಿಯುತ್ತಿತ್ತು. ತಡೆ ಕಟ್ಟಿ, ಮಣ್ಣು ಬಗೆದು ತುಂಬಿಸಿದವರಲ್ಲಿ ಹೆಚ್ಚಿನವರು ಬ್ಯಾಫಿನ್ ಊರುಗಳ ಇನೂಯಿಟ್ ಜನರೇ. ಆ ಜಾರ್‌ಗಳ ಜೊತೆ ಬರುತ್ತಿದ್ದ ಕಾಗದಗಳಲ್ಲಿ ಅವರ ಅಕ್ಷರ ನೋಡಿದ್ದೇನೆ. ಎಷ್ಟು ಆಳದ ಮಣ್ಣು, ಯಾವ ಹೊತ್ತಿಗೆ ತೆಗೆದದ್ದು, ಎಲ್ಲವನ್ನೂ ಒಂದೂ ತಪ್ಪಿಲ್ಲದೆ ತುಂಬಿರುತ್ತಿದ್ದರು. ನಮ್ಮ ಪಕ್ಕದ ಊರಿನ ಗುತ್ತಿಗೆದಾರರು ಕಳಿಸುತ್ತಿದ್ದ ಕಾಗದಗಳು ಅಷ್ಟು ಚೊಕ್ಕ ಇರುತ್ತಿರಲಿಲ್ಲ.

ಆದರೆ ಈ ಹಣ ಕೊಟ್ಟವರು ಯಾರು? ಅಮೆರಿಕ 1996ರಲ್ಲಿ ಒಪ್ಪಿದ್ದು 10 ಕೋಟಿ ಅಮೆರಿಕನ್ ಡಾಲರ್. ಅದೂ ನಗದಲ್ಲ. ಅವರ ಶಸ್ತ್ರ, ಸಾಮಗ್ರಿ ಕೊಳ್ಳುವಾಗ ವಜಾ ಮಾಡಿಕೊಳ್ಳುವ ಲೆಕ್ಕ. ಅದರಲ್ಲೇ ಡ್ಯೂ ಲೈನಿನ ಜೊತೆ ಗೂಸ್ ಬೇ, ಅರ್ಜೆಂಷಿಯಾದಂಥ ಬೇರೆ ನೆಲೆಗಳ ಬಾಕಿಯೂ ಚುಕ್ತಾ. ಉಳಿದದ್ದೆಲ್ಲ ಇಲ್ಲಿನ ತೆರಿಗೆದಾರರ ತಲೆಗೆ. ಕಟ್ಟುವ ಖರ್ಚು ಅಮೆರಿಕದ್ದು, ಬಿಚ್ಚುವ ಖರ್ಚು ನಮ್ಮದು. ಮಿಡ್-ಕೆನಡಾ ಲೈನಿನ ಕಥೆ ಇನ್ನೂ ಕಷ್ಟದ್ದು. ಅದು ಮುಚ್ಚಿದ್ದು 1965ರಲ್ಲಿ. ಒಂಟಾರಿಯೊದ ಉತ್ತರ ಭಾಗದಲ್ಲಿ ಮೂಲನಿವಾಸಿಗಳಾದ ಕ್ರೀ ಜನರ ನೆಲದ ಮೇಲಿದ್ದ ಠಾಣೆಗಳನ್ನು ಶುಚಿ ಮಾಡಲು ಕೇಂದ್ರ ಮತ್ತು ಪ್ರಾಂತ್ಯ ಹಣ ಹಂಚಿಕೊಳ್ಳಲು ಒಪ್ಪಿದ್ದು 2009ರಲ್ಲಿ. ಯಾರು ಎಷ್ಟು ಕೊಡಬೇಕು ಎಂಬ ಮಾತು ಮುಗಿಯುವಷ್ಟರಲ್ಲಿ 44 ವರ್ಷ.

ಈಗ ನನಗೆ ಜಾಸ್ತಿ ಕಳವಳ ಇರುವ ವಿಷಯ. ಶುಚಿ ಮಾಡಿದ್ದು ಎಂದರೆ ಎಲ್ಲವನ್ನೂ ಅಲ್ಲಿಂದ ಹೊತ್ತು ತಂದದ್ದಲ್ಲ. ಮಣ್ಣಿನಲ್ಲಿ ಪಿಸಿಬಿ 50 ಪಿಪಿಎಂಗಿಂತ (ಹತ್ತು ಲಕ್ಷಕ್ಕೆ 50 ಭಾಗಕ್ಕಿಂತ) ಹೆಚ್ಚಿದ್ದರೆ ಕಾನೂನಿನ ಪ್ರಕಾರ ದಕ್ಷಿಣಕ್ಕೆ ಸಾಗಿಸಿ ನಾಶ ಮಾಡಬೇಕು. 1ರಿಂದ 5 ಪಿಪಿಎಂ ಇದ್ದದ್ದನ್ನು ಅಲ್ಲೇ ಹೂಳಬಹುದು ಎಂಬುದು ಡ್ಯೂ ಲೈನ್ ಶುಚಿ ಕೆಲಸದ ನಿಯಮ. ಕಟ್ಟಡದ ಅವಶೇಷ, ಚಪ್ಪಟೆ ಮಾಡಿದ ಡ್ರಮ್‌ಗಳು, ಇಂಥವೂ ಗುಂಡಿಗೆ ಹೋದವು. ಕಸ ತುಂಬಿ, ಮೇಲೆ ದಪ್ಪಗೆ ಜಲ್ಲಿ ಹಾಕುತ್ತಾರೆ. ಆಳದ ನೆಲ ವರ್ಷಪೂರ್ತಿ ಹೆಪ್ಪುಗಟ್ಟಿರುವುದರಿಂದ ಕೆಲವು ಗುಂಡಿಗಳಲ್ಲಿ ಕಸವೂ ಹೆಪ್ಪುಗಟ್ಟಿ ಅಲುಗಾಡದೆ ಕೂರುತ್ತದೆ ಎಂಬುದು ಲೆಕ್ಕ. ಅಂದರೆ ಗೋಡೆಯ ಕೆಲಸವನ್ನು ಚಳಿಗೆ ವಹಿಸಿದ್ದಾರೆ.

ಲೆಕ್ಕ ಹಾಕಿದಾಗ ಅದು ಸರಿಯೇ ಇರಬಹುದು. ಆದರೆ 1979ರಿಂದ ಈಚೆಗೆ ಆರ್ಕ್ಟಿಕ್ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಯೂಕಾನ್ ತೀರದಲ್ಲಿ, ಟುಕ್ಟೊಯಾಕ್ಟುಕ್ ಕಡೆಯಲ್ಲಿ ದಂಡೆಯೇ ಕುಸಿದು ಸಮುದ್ರಕ್ಕೆ ಹೋಗುತ್ತಿದೆ. ಡ್ಯೂ ಲೈನ್ ಠಾಣೆಗಳಲ್ಲಿ ಹೆಚ್ಚಿನವು ಇದ್ದದ್ದು ಸಮುದ್ರದಂಚಿನಲ್ಲೇ. ನಿಮ್ಮವರು ಗುಂಡಿಗಳೊಳಗೆ ತಾಪಮಾನ ಅಳೆಯುವ ಸಾಧನ ಇಳಿಸಿದ್ದಾರೆ, ನಡುನಡುವೆ ವರ್ಷ ಬಿಟ್ಟು ಹೋಗಿ ನೋಡುತ್ತಾರೆ. ಆದರೆ ಆ ಉಸ್ತುವಾರಿಯನ್ನು ಯೋಜಿಸಿದ್ದು 25 ವರ್ಷಕ್ಕೆ. ಪಿಸಿಬಿಗೆ 25 ವರ್ಷ ಒಂದು ಲೆಕ್ಕವೇ ಅಲ್ಲ. ಎಲ್ಲಕ್ಕಿಂತ ಮೊದಲು ಮುಚ್ಚಿದ ಗುಂಡಿಗಳ ಗಡುವು ಹತ್ತಿರ ಬಂದೇಬಿಟ್ಟಿದೆ.

ಇಂಥ ಹೊತ್ತಿನಲ್ಲಿ ಹೊಸ ಸುತ್ತು ಶುರುವಾಗಿದೆ. ಡ್ಯೂ ಲೈನಿನ ಜಾಗಕ್ಕೆ 1985ರ ಒಪ್ಪಂದದಿಂದ ಬಂದ ನಾರ್ತ್ ವಾರ್ನಿಂಗ್ ಸಿಸ್ಟಮ್‌ನಲ್ಲಿ ಕೆನಡಾದಲ್ಲೇ 47 ಠಾಣೆಗಳಿವೆ: ದೂರ ನೋಡುವವು 11, ಹತ್ತಿರ ನೋಡುವವು 36. ಅಲ್ಲಿ ಸದಾ ಜನ ಇರುವುದಿಲ್ಲ. ಅವುಗಳ ನಿರ್ವಹಣೆ 2022ರಿಂದ ಇನೂಯಿಟ್ ಒಡೆತನದ ನಾಸಿಟ್ಟುಕ್ ಕಂಪನಿಗೆ ಸಿಕ್ಕಿದ್ದು ಒಳ್ಳೆಯದೇ ಆಯಿತು. ಈಗ ಅವೂ ಹಳತಾಗಿವೆ. 2025ರ ಮಾರ್ಚ್‌ನಲ್ಲಿ ಪ್ರಧಾನಿಯವರು ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ಹೋಗಿ, ಆಸ್ಟ್ರೇಲಿಯಾದ ಜೊತೆ ಸೇರಿ ದಿಗಂತದಾಚೆ ನೋಡುವ ರೇಡಾರ್ ಕಟ್ಟುವುದಾಗಿ ಪ್ರಕಟಿಸಿದರು. ಖರ್ಚು 600 ಕೋಟಿ ಡಾಲರ್‌ಗೂ ಮೇಲೆ. ಅದಕ್ಕೆ ದಕ್ಷಿಣ ಒಂಟಾರಿಯೊದ ಕವಾರ್ಥಾ ಲೇಕ್ಸ್, ಕ್ಲಿಯರ್‌ವ್ಯೂ ಕಡೆ ಜಾಗ ಗುರುತಿಸಿದಿರಿ. ಅಲ್ಲಿನವರು ಹೊಲ ಹೋಗುತ್ತದೆ, ಬಾವಿ ನೀರು ಏನಾಗುತ್ತದೆ ಎಂದೆಲ್ಲ ಆತಂಕ ಪಟ್ಟರೆ ಅವರಿಗೆ ಹೇಳಿಕೊಳ್ಳಲು ಪತ್ರಿಕೆ ಇದೆ, ಶಾಸಕರಿದ್ದಾರೆ, ಮಾಹಿತಿ ಸಭೆ ಇದೆ. ಕೇಳಲಿ, ಅದು ಅವರ ಹಕ್ಕು. ಉತ್ತರದ ತುದಿಯ ನಾಲ್ಕು ನೂರು, ಐದು ನೂರು ಜನರ ಊರಿನ ದನಿಗೂ ಅಷ್ಟೇ ತೂಕ ಸಿಗಬೇಕು, ಅಲ್ವಾ?

ನನ್ನ ವಿನಂತಿಗಳು ಹೆಚ್ಚಿಲ್ಲ.

ಹೊಸ ರೇಡಾರ್‌ಗೆ ಹಣ ಕೇಳುವ ಮಸೂದೆಯಲ್ಲೇ ಅದನ್ನು ಬಿಚ್ಚಿ, ನೆಲವನ್ನು ಮೊದಲಿನಂತೆ ಮಾಡುವ ಹಣವನ್ನೂ ತೋರಿಸಿ. ಬೇರೆ ಖಾತೆಯಲ್ಲಿಡಿ, ಮುಂದಿನ ಸರ್ಕಾರ ಅದನ್ನು ಮುಟ್ಟದಂತೆ ಬಿಗಿ ಮಾಡಿ. ಗಣಿ ಕಂಪನಿಗಳಿಂದ ಇಂಥ ಠೇವಣಿಯನ್ನು ನೀವೇ ಕಟ್ಟಿಸಿಕೊಳ್ಳುತ್ತೀರಿ. ಸೈನ್ಯಕ್ಕೆ ಯಾಕೆ ವಿನಾಯಿತಿ? ಅಮೆರಿಕದ ಪಾಲು ಎಷ್ಟು ಎಂಬುದನ್ನೂ ಮೊದಲ ಗುದ್ದಲಿ ಬೀಳುವ ಮುಂಚೆ ಬರೆಸಿಕೊಳ್ಳಿ, ನಗದಿನಲ್ಲಿ. ಕೆಲಸ ಮುಗಿದ ಮೇಲೆ ಕೇಳಿದರೆ ಏನಾಗುತ್ತದೆ ಎಂಬುದನ್ನು 1996ರಲ್ಲಿ ನೋಡಿಯಾಯಿತು.

ಹಳೆಯ ಗುಂಡಿಗಳ ಉಸ್ತುವಾರಿಗೆ 25 ವರ್ಷದ ಗಡುವು ತೆಗೆದುಹಾಕಿ. ಒಳಗಿನ ತಾಪಮಾನ ಎಷ್ಟಿದೆ, ಬದಿಯ ಮಣ್ಣಿನಲ್ಲಿ ಪಿಸಿಬಿ ಎಷ್ಟಿದೆ ಎಂಬುದನ್ನು ಒಟ್ಟಾವಾದ ಕಡತದಲ್ಲಿ ಮಾತ್ರ ಇಡಬೇಡಿ. ಆಯಾ ಊರಿನ ಸಮುದಾಯ ಭವನದ ಗೋಡೆಗೆ ಇನೂಯಿಟ್ ಜನರ ಇನುಕ್ಟಿಟುಟ್ ಭಾಷೆಯಲ್ಲಿ ಅಂಟಿಸಿ. ಮಣ್ಣು ತೆಗೆಯುವ, ಅಳೆಯುವ ಕೆಲಸ ಅಲ್ಲಿನ ಹುಡುಗ ಹುಡುಗಿಯರಿಗೇ ಕೊಡಿ. ಅವರ ಕೈ ಎಷ್ಟು ಚೊಕ್ಕ ಎಂಬುದಕ್ಕೆ ನಾನೇ ಸಾಕ್ಷಿ. ಸಣ್ಣ ಲ್ಯಾಬ್ ಒಂದನ್ನು ನುನಾವುಟ್‌ನಲ್ಲೇ ತೆರೆದರೆ ಇನ್ನೂ ಒಳ್ಳೆಯದು, ಕೂಲರ್‌ಗಳನ್ನು ಇಷ್ಟು ದೂರ ಹಾರಿಸುವುದೂ ತಪ್ಪುತ್ತದೆ.

ಈಗಿನ 47 ಠಾಣೆಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಮುಚ್ಚುತ್ತದೆ, ಮುಚ್ಚಿದರೆ ಯಾವ ಇಲಾಖೆಯ ಹೊಣೆ ಎಂಬ ಪಟ್ಟಿಯನ್ನು ಈಗಲೇ ಹೊರಗಿಡಿ. ಡ್ಯೂ ಲೈನ್‌ನಲ್ಲಿ 21 ಠಾಣೆ ನಿಮಗೆ, ಉಳಿದ 21 ಇನ್ನೊಂದು ಇಲಾಖೆಗೆ ಎಂದು ಹಂಚಿಕೆ ಆಗಿತ್ತು. ನಮ್ಮ ಲ್ಯಾಬಿಗೆ ಬರುತ್ತಿದ್ದ ಕಾಗದಗಳಲ್ಲೂ ಎರಡು ಇಲಾಖೆಗೆ ಎರಡು ಫಾರಂ. ಮಣ್ಣು ಮಾತ್ರ ಒಂದೇ ಥರ.

ದೇಶ ಕಾಯಬೇಡಿ ಎಂದು ನಾನು ಹೇಳುತ್ತಿಲ್ಲ. ರೇಡಾರ್ ಬೇಕೋ ಬೇಡವೋ ಎಂಬುದನ್ನು ತಿಳಿದವರು ಹೇಳಲಿ. ಈ ಪತ್ರಕ್ಕೆ ಸಾಮಾನ್ಯವಾಗಿ ಬರುವಂಥ, ನಿಮ್ಮ ಕಾಳಜಿಯನ್ನು ಗಮನಿಸಿದ್ದೇವೆ ಎಂಬ ಉತ್ತರ ಬೇಡ. ಒಂದು ಸಂಖ್ಯೆ ಕೊಡಿ ಸಾಕು: ಆ 3,860 ಕೋಟಿ ಡಾಲರ್‌ನಲ್ಲಿ ಬಿಚ್ಚುವುದಕ್ಕೆ, ಶುಚಿ ಮಾಡುವುದಕ್ಕೆ ಎಂದು ಎಷ್ಟು ತೆಗೆದಿಟ್ಟಿದ್ದೀರಿ? ಸೊನ್ನೆ ಆಗಿದ್ದರೆ ಸೊನ್ನೆ ಎಂದೇ ಬರೆಯಿರಿ. ಉತ್ತರವನ್ನು ಕನ್ನಡಕ್ಕೆ ತಂದು ಇಲ್ಲಿನ ನಮ್ಮವರಿಗೆ ತಲುಪಿಸುವ ಕೆಲಸ ನನ್ನದು.

ಇಂತಿ ತಮ್ಮ ವಿಶ್ವಾಸಿ,
ಒಂಟಾರಿಯೊದಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ, ನಿವೃತ್ತ ಕೆಮಿಸ್ಟ್